ಕಚ್ಚದ ನಾಯಿ

ಬಾಂದ್ರಾದಲ್ಲಿ ನೆರೆಮನೆಯ ಸಾಕುನಾಯಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿದಾಗ ಅದರ ಒಡೆಯರು, "ಇದು ಯಾರನ್ನೂ ಕಚ್ಚುವುದಿಲ್ಲ" ಎಂದರು.

ಪರಿಹಾರ ಕೇಳಹೊರಟವನಿಗೆ ಕಾನೂನು ಎರಡು ದಾರಿ ತೋರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ನಿರ್ಲಕ್ಷ್ಯಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡ ಸಾಮಾನ್ಯವಾಗಿ ಸೇರುವುದು ಸರ್ಕಾರದ ಬೊಕ್ಕಸಕ್ಕೆ. ಗಾಯಾಳುವಿನ ನಷ್ಟಕ್ಕೆ ಸಿವಿಲ್ ದಾವೆ.

ಇದೇ ನಗರದ ಗಿರ್ಗಾಂವ್ ನ್ಯಾಯಾಲಯ 2023ರಲ್ಲಿ ರಾಟ್‌ವೀಲರ್ ಸಾಕಿದವರೊಬ್ಬರಿಗೆ ಮೂರು ತಿಂಗಳ ಸೆರೆ ವಿಧಿಸಿತು; ನಾಯಿ ಕಚ್ಚಿದ್ದು 2010ರಲ್ಲಿ. ನನ್ನ ಐದು ಚುಚ್ಚುಮದ್ದುಗಳು 28 ದಿನಕ್ಕೆ ಮುಗಿದವು.

ಆದರೂ ನೋಟಿಸು ಕಳಿಸಿದೆ. ಕಚ್ಚುವ ಸ್ವಭಾವ ಒಡೆಯರಿಗೆ ಮೊದಲೇ ತಿಳಿದಿತ್ತೇ ಎಂಬುದು ಇಂಥ ದಾವೆಗಳಲ್ಲಿ ತೂಕದ ಪ್ರಶ್ನೆ. ಅದೇ ಮೆಟ್ಟಿಲಿಳಿದು ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅವರಲ್ಲೊಬ್ಬರಿಗೆ ಹಲ್ಲು ತಾಗಿದರೆ, "ಗೊತ್ತಿರಲಿಲ್ಲ" ಎನ್ನಲು ಇನ್ನು ಎಡೆಯಿಲ್ಲ.