ಐದನೆಯ ಹಾಡಿನ ಗಿಟಾರ್

ಎಸ್ಸೆಸ್ಸೆಲ್ಸಿ ರಜೆಯಲ್ಲಿ ‘ಕಿಡ್ ಎ’ ಆಲ್ಬಮ್ ಮೊದಲ ಸಲ ಕೇಳಿದಾಗ ಫೈಲ್ ಕೆಟ್ಟುಹೋಗಿದೆ ಎಂದುಕೊಂಡೆ. ರೇಡಿಯೋಹೆಡ್ ಅಂದರೆ ನನಗೆ ಗಿಟಾರ್. ಇಲ್ಲಿ ಗಿಟಾರೇ ಇಲ್ಲ. ಕೀಬೋರ್ಡಿನ ಒಂದೇ ಸಾಲು ಸುತ್ತಿ ಸುತ್ತಿ ಬರುತ್ತಿದೆ, ಹಾಡುವವನ ದನಿಯನ್ನು ಯಾರೋ ಕತ್ತರಿಸಿ ಹಿಂದುಮುಂದಾಗಿ ಅಂಟಿಸಿದಂತಿದೆ. ಮೆಮೊರಿ ಕಾರ್ಡ್ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದೆ. ಅದೇ ಬಂತು.

ಆ ಕಾರ್ಡ್ ನಮ್ಮ ಭಾಯಿಯದು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸೌದಿಗೆ ಹೊರಟ ಅವರು ಹಳೆಯ ಫೋನಿನ ಜತೆ ಕೊಟ್ಟು ಹೋಗಿದ್ದರು. ಡಿಪ್ಲೊಮಾ ಓದುವಾಗ ಸೆಕೆಂಡ್ ಹ್ಯಾಂಡ್ ಗಿಟಾರ್ ತಂದು, ಸಂಜೆ ಟೆರೇಸಿನಲ್ಲಿ ಕೂತು ಇದೇ ತಂಡದ 1997ರ ‘ಓಕೆ ಕಂಪ್ಯೂಟರ್’ ಹಾಡುಗಳನ್ನು ಕಲಿಯುತ್ತಿದ್ದರು. ‘ಪ್ಯಾರನಾಯ್ಡ್ ಆ್ಯಂಡ್ರಾಯ್ಡ್’ ಎಂಬ ಆರು ನಿಮಿಷಕ್ಕೂ ಉದ್ದದ ಹಾಡಿನಲ್ಲಿ ಗಿಟಾರ್ ಒಮ್ಮೆಲೇ ಸಿಡಿಯುವ ಜಾಗವಿದೆ. ಅದು ಬಂದಾಗ ಭಾಯಿ ತಲೆ ಕುಣಿಸುತ್ತಿದ್ದರು. ಕೆಳಗಿನಿಂದ ಅಮ್ಮಿ, “ಮಗ್ರಿಬ್ ಆಯ್ತು, ಅದನ್ನ ಇಡೋ” ಎಂದು ಕೂಗುತ್ತಿದ್ದರು. ನನ್ನ ಕೆಲಸ ಬಕೆಟ್ ಬೋರಲು ಹಾಕಿ ಡ್ರಮ್ ಬಾರಿಸುವುದು.

ಈ ತಂಡದ ಐವರೂ ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಎಂಬ ಊರಿನ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಶುಕ್ರವಾರ ಅಭ್ಯಾಸ ಮಾಡುತ್ತಿದ್ದರಿಂದ ತಂಡಕ್ಕೆ ಮೊದಲು ‘ಆನ್ ಎ ಫ್ರೈಡೇ’ ಎಂದೇ ಹೆಸರಿತ್ತು. (ನಮ್ಮ ಕಾಲೇಜಿನಲ್ಲಾದರೆ ಶುಕ್ರವಾರ ಹನ್ನೆರಡೂವರೆಯ ನಂತರ ಅಭ್ಯಾಸಕ್ಕೆ ಯಾರು ಸಿಗುತ್ತಾರೆ?) ‘ಓಕೆ ಕಂಪ್ಯೂಟರ್’ ಅವರನ್ನು ಜಗತ್ತಿನ ದೊಡ್ಡ ತಂಡಗಳಲ್ಲಿ ಒಂದಾಗಿಸಿತು. ಇನ್ನೊಂದು ಅಂಥದ್ದೇ ಕೊಟ್ಟಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು. 2000ದ ಅಕ್ಟೋಬರಿನಲ್ಲಿ ಬಂದದ್ದು ‘ಕಿಡ್ ಎ’. ಒಂದು ಹಾಡನ್ನೂ ಬಿಡಿಯಾಗಿ ಮಾರಾಟಕ್ಕೆ ಬಿಡುಗಡೆ ಮಾಡಲಿಲ್ಲ. ಅಮೆರಿಕದಲ್ಲಿ ಮೊದಲ ವಾರವೇ ಒಂದನೇ ಸ್ಥಾನಕ್ಕೆ ಹೋಯಿತು ನಿಜ. ಆದರೆ ಬಹಳ ಜನ ಸಿಟ್ಟಾದರು, ವಿಮರ್ಶಕರಲ್ಲೂ ಕೆಲವರು ಕಿಡಿಕಾರಿದರು. ನಾನೂ ಸಿಟ್ಟಾದವರ ಪಕ್ಷದವನೇ. ಎರಡು ಹಾಡು ಕೇಳಿ ಬಿಟ್ಟೆ.

ಕಳೆದ ರಂಜಾನಿಗೆ ಭಾಯಿ ಊರಿಗೆ ಬಂದರು. ಖರ್ಜೂರ, ಅತ್ತರ್, ಅಮ್ಮಿಗೆ ದಪ್ಪ ಕಂಬಳಿ, ಎಲ್ಲ ತಂದರು. ಮಾತು ಮಾತ್ರ ತರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. ನೈಟ್ ಶಿಫ್ಟ್ ಅಭ್ಯಾಸವಾಗಿ ರಾತ್ರಿ ನಿದ್ದೆಯಿಲ್ಲ, ಮೊಬೈಲೂ ನೋಡದೆ ಕತ್ತಲಲ್ಲಿ ಕೂತಿರುತ್ತಿದ್ದರು. ಅಲಮಾರಿಯ ಮೇಲಿದ್ದ ಗಿಟಾರನ್ನು ನಾನೇ ಇಳಿಸಿ ಒರೆಸಿ ಮುಂದಿಟ್ಟೆ. “ತಂತಿ ತುಕ್ಕು ಹಿಡಿದಿದೆ” ಎಂದರು, ಅಷ್ಟೇ. ಒಂದು ರಾತ್ರಿ ತಡೆಯಲಾಗದೆ, “ಭಾಯಿ, ನೀವು ಮೊದಲಿನ ಹಾಗಿಲ್ಲ” ಎಂದೆ.

“ಮೊದಲು ಹೇಗಿದ್ದೆ?”

“ಗಿಟಾರ್ ನುಡಿಸ್ತಿದ್ರಿ. ನಮ್ಮನ್ನೆಲ್ಲ ನಗಿಸ್ತಿದ್ರಿ.”

ಅವರು ಎದ್ದು ಟೆರೇಸಿಗೆ ಹೋದರು. ಅಮ್ಮಿ ನನ್ನನ್ನು ಬೈದರು. “ಅಲ್ಲಿ ಏನೇನು ನೋಡಿದ್ದಾನೋ! ನಿನಗೆ ಅವನ ಹಾಡೇ ಬೇಕಾ?”

ಆ ರಾತ್ರಿ ನಿದ್ದೆ ಬರದೆ ‘ಕಿಡ್ ಎ’ ಹಾಕಿದೆ. ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ‘ಓಕೆ ಕಂಪ್ಯೂಟರ್’ ನಂತರ ಊರೂರು ಸುತ್ತಿ ಹಾಡಿ, ಹಾಡುಗಾರ ಥಾಮ್ ಯಾರ್ಕ್ ಕುಸಿದುಹೋಗಿದ್ದರಂತೆ. ಗಿಟಾರ್ ಹಿಡಿದರೆ ಹಾಡು ಹುಟ್ಟುತ್ತಿರಲಿಲ್ಲ. 1999ರಲ್ಲಿ ಪ್ಯಾರಿಸ್ಸಿನಲ್ಲಿ ರೆಕಾರ್ಡಿಂಗ್ ಶುರುವಾದಾಗ ಸಿದ್ಧ ಹಾಡುಗಳೇ ಇಲ್ಲ. ಮುಗಿಸಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಜಾನಿ ಗ್ರೀನ್‌ವುಡ್ ಗಿಟಾರ್ ಬದಿಗಿಟ್ಟು, 1928ರಲ್ಲಿ ಫ್ರಾನ್ಸಿನ ಮಾರ್ಟನೊ ಎಂಬವರು ಕಂಡುಹಿಡಿದ ‘ಓಂಡ್ ಮಾರ್ಟನೊ’ ಎಂಬ ವಿದ್ಯುತ್ ವಾದ್ಯ ನುಡಿಸಿದರು. ಅದು ಅಳುತ್ತದೋ ಹಾಡುತ್ತದೋ ಹೇಳುವುದು ಕಷ್ಟ. ಎಲ್ಲ ಹಾಡಿನಲ್ಲೂ ಎಲ್ಲರಿಗೂ ಕೆಲಸವಿರುವುದಿಲ್ಲ ಎಂಬುದನ್ನು ಐವರೂ ಒಪ್ಪಿಕೊಳ್ಳಬೇಕಾಯಿತು. ಬಕೆಟ್ ಡ್ರಮ್ಮಿನವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸುಮ್ಮನೆ ಕೂತಿರುವುದೇ ದೊಡ್ಡ ಕಷ್ಟ.

ನನ್ನನ್ನು ನಿಲ್ಲಿಸಿದ್ದು ಐದನೆಯ ಹಾಡು, ‘ಟ್ರೀಫಿಂಗರ್ಸ್’. ಹಾಡು ಅನ್ನುವುದೂ ತಪ್ಪೇ. ಮಾತಿಲ್ಲ, ತಾಳವಿಲ್ಲ, ಮೂರೂಮುಕ್ಕಾಲು ನಿಮಿಷ ಮಂಜಿನ ಹಾಗೆ ಒಂದು ನಾದ ಹರಡಿಕೊಂಡಿರುತ್ತದೆ. ಸಿಂಥಸೈಜರ್ ಇರಬೇಕೆಂದು ನಂಬಿದ್ದೆ. ಅಲ್ಲ. ಅದು ಎಡ್ ಓ’ಬ್ರಯನ್ ನುಡಿಸಿದ ಗಿಟಾರ್. ಕಂಪ್ಯೂಟರಿನಲ್ಲಿ ಎಳೆದು, ಹಿಗ್ಗಿಸಿ, ಗುರುತು ಸಿಗದಂತೆ ಮಾಡಿದ್ದಾರೆ. ಇಲ್ಲವೇ ಇಲ್ಲ ಎಂದು ನಾನು ಬೈದುಕೊಂಡಿದ್ದ ಗಿಟಾರ್ ಕಿವಿಯೊಳಗೇ ಇತ್ತು.

‘ಕಿಡ್ ಎ’ ಪೂರ್ತಿ ಇಷ್ಟವಾಯಿತು ಎಂದು ಸುಳ್ಳು ಹೇಳಲಾರೆ. ಏಳನೆಯ ಹಾಡು ಇವತ್ತಿಗೂ ಹಾರಿಸುತ್ತೇನೆ.

ಭಾಯಿ ವಾಪಸ್ ಹೋಗುವ ಎರಡು ದಿನ ಮೊದಲು ಟೆರೇಸಿಗೆ ಹೋದೆ. ಏನೂ ಕೇಳಲಿಲ್ಲ. ಇಯರ್‌ಫೋನಿನ ಒಂದು ತುದಿ ಕೊಟ್ಟೆ, ಕಿವಿಗೆ ಇಟ್ಟುಕೊಂಡರು. ಐದನೆಯದು ಶುರುವಾದಾಗ “ಇದರಲ್ಲಿ ಗಿಟಾರ್ ಇದೆ, ಗೊತ್ತಾ?” ಎಂದೆ.

“ಎಲ್ಲಿ?”

“ಇದೇ.”

ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, “ಇನ್ನೊಂದ್ಸಲ ಹಾಕು” ಎಂದರು. ಎರಡನೇ ಸಲ ಅರ್ಧಕ್ಕೆ ಬರುವಷ್ಟರಲ್ಲಿ ಗೋಡೆಗೊರಗಿ ನಿದ್ದೆ ಹೋಗಿದ್ದರು. ಇಯರ್‌ಫೋನ್ ಎಳೆದರೆ ಎಚ್ಚರವಾದೀತೆಂದು ನಾನೂ ಅಲ್ಲೇ ಕೂತೆ.