ಸ್ವಿಚ್ಚು ಆರಿಸಿದ ಮೇಲೂ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ವಿದ್ಯುತ್ ಮಂಡಲದ ಪಾಠಕ್ಕೆ ನನ್ನಲ್ಲಿ ಸಿದ್ಧ ಉದಾಹರಣೆಯೊಂದಿತ್ತು: ಗುಡ್ಡದ ಸುರಂಗದ ನೀರು ತುಂಬುವ ಟಾಂಕಿ, ಅಲ್ಲಿಂದ ಅಡಿಕೆ ತೋಟಕ್ಕಿಳಿಯುವ ಪೈಪು, ತುದಿಯಲ್ಲೊಂದು ನಳ್ಳಿ. ಟಾಂಕಿಯ ಎತ್ತರದಿಂದ ಬರುವ ಒತ್ತಡ ವೋಲ್ಟೇಜು, ಹರಿಯುವ ನೀರು ಕರೆಂಟು. ನಳ್ಳಿ ಮುಚ್ಚಿದರೆ ಹರಿವು ನಿಲ್ಲುತ್ತದೆ, ಒತ್ತಡ ಹೋಗುವುದಿಲ್ಲ. "ನಳ್ಳಿ ತೆರೆದರೆ ನೀರು ಬರುತ್ತದೆ, ಸ್ವಿಚ್ಚು ತೆರೆದರೆ ಕರೆಂಟು ಹೋಗುತ್ತದೆ, ಮರೆಯಬೇಡಿ" ಎಂದರೆ ಮಕ್ಕಳು ನಗುತ್ತಿದ್ದರು.

1991ರ ಆಟಿ ತಿಂಗಳು. ಜಗಲಿಯ ಬಲ್ಬು ಸುಟ್ಟಿತ್ತು. ಅಮ್ಮ ಸ್ವಿಚ್ಚು ಆರಿಸಿ, ಬಲ್ಬು ತೆಗೆದು, ಗೋಡೆಯ ಹೋಲ್ಡರನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಬರಿಗಾಲು, ಮಳೆಯ ಇರಚಲಿಗೆ ನೆನೆದ ನೆಲ. ಕೂಗು ಕೇಳಿ ನಾನು ಓಡಿ ಬಂದಾಗ ಮೆಟ್ಟಿಲ ಬಳಿ ಬಿದ್ದಿದ್ದರು. ಜೀವ ಉಳಿದದ್ದು ಪುಣ್ಯ.

ನೆರೆಮನೆಯ ಹುಡುಗ ವಯರಿಂಗ್ ಕೆಲಸದವನು. ನಮ್ಮ ಶಾಲೆಯದೇ ಮಲಯಾಳ ವಿಭಾಗದಲ್ಲಿ ಹತ್ತನೆಯದು ನಪಾಸಾದವನು. ಟೆಸ್ಟರ್ ಹಿಡಿದು, ಬೋರ್ಡು ಬಿಚ್ಚಿ ನೋಡಿ, "ಮಾಷೇ, ಸ್ವಿಚ್ಚ್ ನ್ಯೂಟ್ರಲಿಲಾಣ್" ಎಂದ. ಹಿಂದೆ ವಯರಿಂಗ್ ಮಾಡಿದವರು ಫೇಸ್ ತಂತಿಯನ್ನು ನೇರ ಹೋಲ್ಡರಿಗೆ ಕೊಟ್ಟು, ನ್ಯೂಟ್ರಲ್ ತಂತಿಗೆ ಸ್ವಿಚ್ಚು ಇಟ್ಟಿದ್ದರು. ಹಾಗೆ ಮಾಡಿದರೂ ದೀಪ ಉರಿಯುತ್ತದೆ, ಆರುತ್ತದೆ. ಮಂಡಲವನ್ನು ಎಲ್ಲಿ ಕಡಿದರೂ ಹರಿವು ನಿಲ್ಲುತ್ತದೆ. ಆದರೆ ಮೂಲ ತನ್ನ 230 ವೋಲ್ಟನ್ನು ಬಿಡುವುದಿಲ್ಲ. ಅದು ಹೋಲ್ಡರಿನ ತುದಿಯಲ್ಲೇ ಕಾದಿರುತ್ತದೆ. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲನ್ನು ಭೂಮಿಗೆ ಜೋಡಿಸಿರುವುದರಿಂದ, ಅಮ್ಮನ ಮೈ ಮತ್ತು ಒದ್ದೆ ನೆಲ ಸೇರಿ ಕಡಿದ ದಾರಿಯನ್ನು ಕೂಡಿಸಿದವು. 60 ವಾಟಿನ ಬಲ್ಬಿಗೆ ಕಾಲು ಆಂಪಿಯರ್ ಬೇಕು. ಮನುಷ್ಯನ ಪ್ರಾಣಕ್ಕೆ ಅದರ ಹತ್ತನೆಯ ಒಂದು ಪಾಲೂ ಅಪಾಯವೇ.

"ಇದನ್ನೇಯೋ ಮಗಾ ನೀನು ಶಾಲೆಯಲ್ಲಿ ಕಲಿಸುವುದು?" ಅಮ್ಮ ಮಲಗಿದಲ್ಲಿಂದಲೇ ಕೇಳಿದರು. ನಾನು ಉತ್ತರಿಸಲಿಲ್ಲ. ಶಾಲೆಯ ಮೇಜಿನಲ್ಲಿ ನನ್ನದೇ ಟೆಸ್ಟರ್ ಇತ್ತು. ಒಂದು ದಿನವೂ ಮನೆಗೆ ತಂದಿರಲಿಲ್ಲ.

ಹುಡುಗ ತಂತಿ ಬದಲಿಸಿ ಸರಿಮಾಡಿದ. ಮರುವರ್ಷ ಆ ಪಾಠಕ್ಕೆ ಅವನನ್ನೇ ತರಗತಿಗೆ ಕರೆದೆ. ನಾನು 'ಮೂಲ' ಎಂದೆ, ಅವನು 'ಸ್ರೋತಸ್ಸ್' ಎಂದ. ಮಕ್ಕಳಿಗೆ ಎರಡೂ ಅರ್ಥವಾಯಿತು.

ಈಗ ಮನೆಯಲ್ಲಿ 30 ಮಿಲಿಆಂಪಿಯರ್ ಸೋರಿದರೆ ಸಾಕು, ತಾನಾಗಿ ಕಡಿಯುವ ಸಾಧನವಿದೆ. ಆದರೂ ಬಲ್ಬು ಬದಲಿಸುವ ಮೊದಲು ಮೈನ್ ಸ್ವಿಚ್ಚು ಆರಿಸುತ್ತೇನೆ, ಟೆಸ್ಟರ್ ಹಿಡಿದೂ ನೋಡುತ್ತೇನೆ. ಆಗೆಲ್ಲ ಅಮ್ಮನ ಪ್ರಶ್ನೆ ನೆನಪಾಗುತ್ತದೆ.