ಬಾರ್ಟೋಕ್, ಬೀಸುಕಲ್ಲು ಮತ್ತು ನಮ್ಮವ್ವ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದ್ರೆ ಸೂಟು ಬೂಟಿನವರ ವ್ಯವಹಾರ ಅಂತ ನೀವೂ ಅಂದುಕೊಂಡಿದ್ರೆ, ಬೇಲಾ ಬಾರ್ಟೋಕನ 'ರೊಮೇನಿಯನ್ ಜಾನಪದ ಕುಣಿತಗಳು' ಒಮ್ಮೆ ಕೇಳಿ. ಎಲ್ಲಾ ಸೇರಿ ಆರೇಳು ನಿಮಿಷ, ಅಷ್ಟೇ. 1915ರಲ್ಲಿ ಪಿಯಾನೋಗೆ ಬರೆದದ್ದನ್ನು 1917ರಲ್ಲಿ ಸಣ್ಣ ಆರ್ಕೆಸ್ಟ್ರಾಕ್ಕೆ ಹೊಂದಿಸಿದ. ಮೊದಲನೆಯದು ಕೋಲಿನ ಕುಣಿತ. ನಮ್ಮ ಕೋಲಾಟ ಅಲ್ಲ ಬಿಡಿ, ಆದರೂ ಹೆಸರು ನೋಡಿ ಖುಷಿಯಾಯ್ತು!

ಈ ಹಂಗೇರಿಯವ ಎಡಿಸನ್ ಫೋನೋಗ್ರಾಫ್ ಹೊತ್ತು ಹಳ್ಳಿ ಹಳ್ಳಿ ಸುತ್ತಿದವನು. ಮೇಣದ ಸಿಲಿಂಡರಿನ ಮೇಲೆ ರೈತರ ಹಾಡು, ಪಿಟೀಲು, ಕೊಳಲು ಎಲ್ಲ ಹಿಡಿದಿಟ್ಟುಕೊಂಡ. ಈ ಕುಣಿತಗಳು ಅವನಿಗೆ ಸಿಕ್ಕಿದ್ದು ಟ್ರಾನ್ಸಿಲ್ವೇನಿಯಾದಲ್ಲಿ. ಮೂರನೆಯದರಲ್ಲಿ ಕೆಳಗೆ ಶ್ರುತಿ ಹಿಡಿದಂತೆ ಒಂದೇ ನಾದ, ಮೇಲೆ ಪಿಕೊಲೊ ಒಂದೇ ಅಲೆಯುತ್ತೆ. ನನಗೆ ಹೆಚ್ಚು ಇಷ್ಟ ಐದನೆಯದು. ಹೆಜ್ಜೆ ಎಣಿಸಿ ನೋಡಿ: ಮೂರು, ಮೂರು, ಎರಡು. ನಾಲ್ಕು-ನಾಲ್ಕು ಮಾಡಿ ಆರ್ಕೆಸ್ಟ್ರಾದವರಿಗೆ ಸಲೀಸು ಮಾಡಿಕೊಡಬಹುದಿತ್ತು. ಮಾಡಲಿಲ್ಲ. ಕುಣಿಯೋರ ಕಾಲಿಗೆ ವಾದ್ಯಗಳೇ ಹೊಂದಿಕೊಳ್ಳಬೇಕಾಯ್ತು. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಜಾನಪದದ ಹೆಸರಲ್ಲಿ ಹಾಕೋ ಕೀಬೋರ್ಡ್ ಟ್ರ್ಯಾಕು ಕೇಳಿದಾಗೆಲ್ಲ ಇದು ನೆನಪಾಗುತ್ತೆ. ಅಲ್ಲಿ ಕಾಲೇ ಟ್ರ್ಯಾಕಿನ ಹಿಂದೆ ಓಡುತ್ತಿರುತ್ತೆ.

1940ರಲ್ಲಿ, ಯುದ್ಧದ ನಡುವೆ, ಬಾರ್ಟೋಕ್ ಊರು ಬಿಟ್ಟು ನ್ಯೂಯಾರ್ಕ್ ಸೇರಿದ. ಅಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯುಗೋಸ್ಲಾವಿಯಾದ ಹಳ್ಳಿ ಹಾಡುಗಳ ರೆಕಾರ್ಡು ಕೇಳಿ ಸ್ವರಲಿಪಿ ಬರೆಯೋ ಕೆಲಸ. 1943ರಲ್ಲಿ 'ಕಾನ್ಸರ್ಟೋ ಫಾರ್ ಆರ್ಕೆಸ್ಟ್ರಾ' ಬರೆದ. ಅದರ ಕೊನೆಯ ಭಾಗದಲ್ಲಿ ಮತ್ತೆ ಹಳ್ಳಿ ಕುಣಿತದ ದೌಡು. 1945ರಲ್ಲಿ ಅಲ್ಲೇ ತೀರಿಕೊಂಡ. ಪಾರ್ಥಿವ ಶರೀರ ಬುಡಾಪೆಸ್ಟಿಗೆ ಹೋದದ್ದು 1988ರಲ್ಲಿ. ಪುಣೆಗೆ ಬಂದು 28 ವರ್ಷ ಆದ ನನಗೆ ಈ ಇಸವಿಗಳು ಸುಮ್ಮನೆ ಓದಿ ಮುಂದೆ ಹೋಗೋಕೆ ಆಗಲ್ಲ.

ಹೋದ ವರ್ಷ ಧಾರವಾಡದಿಂದ ಅವ್ವ ಬಂದಾಗ ಪಿಕೊಲೊ ಕೇಳಿಸಿದೆ. "ಕುರಿ ಕಾಯೋ ಹುಡುಗ ಊದಿದಂಗ ಐತಿ" ಅಂದಳು. ಆಮೇಲೆ ಫೋನು ಮುಂದಿಟ್ಟು, ಬೀಸೋ ಪದ ಹಾಡು ಅಂದೆ.

"ಬೀಸೋ ಕಲ್ಲ ಇಲ್ಲದ ಹ್ಯಾಂಗ ಹಾಡ್ಲೋ?"

ಎರಡು ಸಲ ಶುರು ಮಾಡಿ ಬಿಟ್ಟಳು. ಮಾತು ನೆನಪಿತ್ತು, ಧಾಟಿ ನಿಲ್ಲಲಿಲ್ಲ. ಮೂರನೇ ಸಲ ಬಲಗೈ ಹಾಸಿಗೆಯ ಮೇಲೆ ತಂತಾನೇ ದುಂಡಗೆ ತಿರುಗತೊಡಗಿತು ನೋಡಿ, ಪದವೂ ಬಂತು. ನಾಲ್ಕು ನಿಮಿಷದ ರೆಕಾರ್ಡಿಂಗು. ನಡುವೆ ಕುಕ್ಕರಿನ ಸೀಟಿ ಮೂರು ಸಲ ಕೂಗಿದೆ. ಮಗಳು ಅದನ್ನು ತೆಗೆದುಹಾಕ್ತೀನಿ ಅಂದ್ಲು, ನಾನು ಬೇಡ ಅಂದೆ.